ಫೀಡ್ ರೀಡರ್ ಅಪ್ಡೇಟ್ ಆದ್ಮೇಲೆ ಕೈಕೊಟ್ರೆ ಎಲ್ಲಿಂದ ನೋಡ್ಕೊಂಡ್ ಬರ್ಬೇಕು

ರಾತ್ರಿ ಫೋನ್ ಚಾರ್ಜಿಗೆ ಹಾಕಿ ಮಲಗಿರ್ತೀವಿ, ಫೀಡ್ ರೀಡರ್ (ಸೈಟ್, ಬ್ಲಾಗುಗಳು ಕೊಡೋ ಹೊಸ ಲೇಖನಗಳ ಪಟ್ಟಿನ, ಅಂದ್ರೆ ಫೀಡನ್ನ, ಒಂದೇ ಕಡೆ ತಂದು ತೋರಿಸೋ ಆ್ಯಪ್) ತಾನಾಗೇ ಅಪ್ಡೇಟ್ ಆಗಿರತ್ತೆ, ಬೆಳಿಗ್ಗೆ ಕಾಫಿ ಹಿಡ್ಕೊಂಡು ಓಪನ್ ಮಾಡಿದ್ರೆ ಅಡುಗೆಮನೆಯಲ್ಲಿ ಯಾರೋ ಡಬ್ಬಗಳನ್ನೆಲ್ಲ ಜಾಗ ಬದಲಾಯಿಸಿ ಇಟ್ಟ ಹಾಗೆ, ಸಾಸಿವೆ ಇದ್ದ ಕಡೆ ಮೆಂತ್ಯ. ಕೈ ಅಭ್ಯಾಸದ ಮೇಲೆ ಹೋಗತ್ತೆ, ಬೇಕಾದ್ದು ಸಿಗಲ್ಲ. ನನಗೆ ಎರಡು ವರ್ಷದ ಹಿಂದೆ ಹೀಗಾದಾಗ ಸಿಟ್ಟಲ್ಲಿ ಮೊದಲು ಮಾಡಿದ ಕೆಲಸ ಕ್ಲಿಯರ್ ಡೇಟಾ, ಅದಾದ್ಮೇಲೆ ಅನ್‌ಇನ್‌ಸ್ಟಾಲ್. ಸ್ಟಾರ್ ಹಾಕಿಟ್ಟಿದ್ದ ಆರು ವರ್ಷದ ಲೇಖನಗಳು ಅಲ್ಲಿಗೇ ಹೋದ್ವು, ಅದ್ರಲ್ಲಿ ಕೆಲವು ಬ್ಲಾಗ್‌ಗಳು ಈಗ ನೆಟ್ಟಲ್ಲೇ ಇಲ್ಲ. ಆಮೇಲೆ ಗೊತ್ತಾಯ್ತು, ತೊಂದರೆ ಇದ್ದಿದ್ದು ಫೋನಿನ ಬ್ಯಾಟರಿ ಸೆಟ್ಟಿಂಗಲ್ಲಿ, ಒಂದು ನಿಮಿಷದ ಕೆಲಸ ಅದು. ಇನ್ನೊಬ್ಬರಿಗೆ ಹಾಗಾಗ್ಬಾರ್ದು ಅಂತ ಇದನ್ನ ಬರೀತಿದೀನಿ.

ಅಪ್ಡೇಟ್ ಆದ್ಮೇಲೆ ಕಣ್ಣಿಗೆ ಬೀಳೋದೆಲ್ಲ ದೋಷ ಅಲ್ಲ. ಕೆಲವು ನಿಜವಾಗ್ಲೂ ಕೆಟ್ಟಿರತ್ತೆ, ಕೆಲವು ಕಡೆ ಸೆಟ್ಟಿಂಗ್ ಜಾಗ ಬದಲಾಗಿರತ್ತೆ ಅಷ್ಟೇ, ಇನ್ನು ಕೆಲವನ್ನ ಬೇಕಂತಲೇ ಬದಲಾಯಿಸಿರ್ತಾರೆ, ಒಂದು ಅನುಕೂಲ ಕೊಡೋಕೆ ಇನ್ನೊಂದನ್ನ ತೆಗೆದಿರ್ತಾರೆ. ಕೊನೇದಕ್ಕೆ ರಿಪೇರಿ ಇಲ್ಲ, ನಮಗೆ ಯಾವುದು ಬೇಕು ಯಾವುದು ಬಿಟ್ರೂ ನಡೆಯತ್ತೆ ಅಂತ ನಾವೇ ತೀರ್ಮಾನ ಮಾಡ್ಬೇಕು. ಹೆಚ್ಚಾಗಿ ಆಂಡ್ರಾಯ್ಡ್ ಬಗ್ಗೆನೇ ಬರೆದಿದೀನಿ, ಐಫೋನ್ ವಿಷಯ ಬಂದ ಕಡೆ ಹೇಳ್ತೀನಿ.

ಏನನ್ನೂ ಮುಟ್ಟೋಕ್ ಮುಂಚೆ

ಆ್ಯಪ್ ಓಪನ್ ಆಗ್ತಿದ್ರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಓಪಿಎಂಎಲ್ ಎಕ್ಸ್‌ಪೋರ್ಟ್ ಮಾಡಿ ಫೈಲನ್ನ ನಿಮಗೆ ನೀವೇ ಮೇಲ್ ಮಾಡ್ಕೊಳಿ. ನಿಮ್ಮ ಎಲ್ಲಾ ಫೀಡ್‌ಗಳ ವಿಳಾಸ, ಫೋಲ್ಡರ್ ಎಲ್ಲಾ ಆ ಒಂದು ಸಣ್ಣ ಫೈಲಲ್ಲಿ ಬರತ್ತೆ, ಬೇರೆ ಯಾವ ರೀಡರ್‌ಗೆ ಬೇಕಾದ್ರೂ ಹಾಕ್ಕೋಬಹುದು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿದಾಗ ಫೈಲ್ ಇಟ್ಕೊಂಡಿದ್ದವ್ರು ಅರ್ಧ ಗಂಟೆಯಲ್ಲಿ ಬೇರೆ ಕಡೆ ಸಂಸಾರ ಹೂಡಿದ್ರು. ಆದ್ರೆ ಒಂದು ನೆನಪಿರ್ಲಿ, ಓಪಿಎಂಎಲ್‌ನಲ್ಲಿ ವಿಳಾಸ ಮಾತ್ರ ಇರತ್ತೆ, ಯಾವುದು ಓದಿದ್ದು, ಯಾವುದಕ್ಕೆ ಸ್ಟಾರ್ ಹಾಕಿದ್ದು ಅನ್ನೋದು ಸಾಮಾನ್ಯವಾಗಿ ಇರಲ್ಲ. ಸ್ಟಾರ್ ಹಾಕಿದ್ದನ್ನ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡೋ ದಾರಿ ನಿಮ್ಮ ಆ್ಯಪಲ್ಲಿದ್ರೆ ಅದನ್ನೂ ಮಾಡಿ, ಇಲ್ದಿದ್ರೆ ಮುಖ್ಯವಾದ ಹತ್ತಿಪ್ಪತ್ತನ್ನ ಬ್ರೌಸರಲ್ಲಿ ತೆಗೆದು ಪಿಡಿಎಫ್ ಮಾಡಿಟ್ಕೊಳಿ.

ಎಚ್ಚರ: ದುಡ್ಡು ಕೊಟ್ಟು ತಗೊಂಡ ಪಾಡ್‌ಕ್ಯಾಸ್ಟ್, ನ್ಯೂಸ್‌ಲೆಟರ್ ಫೀಡ್‌ಗಳ ವಿಳಾಸದೊಳಗೇ ನಿಮ್ಮ ಗುಟ್ಟಿನ ಕೀ ಸೇರಿರತ್ತೆ. ಸಹಾಯ ಕೇಳೋವಾಗ ಓಪಿಎಂಎಲ್ ಫೈಲನ್ನ ಹಾಗೇ ಗ್ರೂಪಲ್ಲಿ ಹಾಕ್ಬೇಡಿ.

ಆ್ಯಪ್ ಓಪನ್ ಆಗತ್ತೆ, ಆದ್ರೆ ಖಾಲಿ, ಅಥವಾ ಸುತ್ತುತ್ತಲೇ ಇರತ್ತೆ

ದೊಡ್ಡ ಅಪ್ಡೇಟ್ ಆದ್ಮೇಲೆ ಮೊದಲ ಸಲ ತೆಗೆದಾಗ ಹಳೇ ಡೇಟಾಬೇಸನ್ನ ಹೊಸ ರೂಪಕ್ಕೆ ಬದಲಾಯಿಸೋ ಕೆಲಸ ಒಳಗೆ ನಡೀತಿರತ್ತೆ. ಸಾವಿರಾರು ಲೇಖನ ಇಟ್ಕೊಂಡಿರೋರಿಗೆ ಇದು ನಿಮಿಷಗಟ್ಟಲೆ ತಗೊಳ್ಳತ್ತೆ. ಆಗ ಫೋರ್ಸ್ ಸ್ಟಾಪ್ ಮಾಡ್ಬೇಡಿ, ಚಾರ್ಜರ್ ಹಾಕಿ ಕಾಲು ಗಂಟೆ ಸುಮ್ನೆ ಬಿಡಿ. ಆಮೇಲೂ ಹಾಗೇ ಇದ್ರೆ ಸ್ಟೋರೇಜ್ ನೋಡಿ. ವಾಟ್ಸಾಪ್ ವಿಡಿಯೋ ತುಂಬಿ ಜಾಗ ಇಲ್ದೇ ಇದ್ರೆ ಈ ಬದಲಾವಣೆ ಅರ್ಧಕ್ಕೇ ನಿಲ್ಲತ್ತೆ, ಯಾಕಂದ್ರೆ ಹಳೇದು ಹೊಸದು ಎರಡಕ್ಕೂ ಸ್ವಲ್ಪ ಹೊತ್ತು ಒಟ್ಟಿಗೆ ಜಾಗ ಬೇಕಾಗತ್ತೆ. ಒಂದೆರಡು ಜಿಬಿ ಖಾಲಿ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ ನೋಡಿ.

ಫೀಡ್ಲಿ, ಇನೋರೀಡರ್, ಇಲ್ಲಾ ನೀವೇ ನಡೆಸೋ ಫ್ರೆಶ್‌ಆರ್‌ಎಸ್‌ಎಸ್ ಥರದ ಸರ್ವರ್‌ಗೆ ಆ್ಯಪ್ ಜೋಡಿಸಿದ್ರೆ (ನಿಮ್ಮ ಫೋನಿನ ಬದಲು ಫೀಡ್ ತಂದಿಟ್ಕೊಳ್ಳೋ ಇವನ್ನೇ ಮುಂದೆ ಸಿಂಕ್ ಸರ್ವೀಸ್ ಅಂತೀನಿ) ಖಾಲಿ ಕಂಡ ತಕ್ಷಣ ಗಾಬರಿ ಬೇಡ. ಲಾಗಿನ್ ಬಿಟ್ಟುಹೋಗಿರೋ ಸಾಧ್ಯತೆನೇ ಜಾಸ್ತಿ. ಬ್ರೌಸರಲ್ಲಿ ಅದೇ ಅಕೌಂಟ್ ತೆಗೆದು ನೋಡಿ, ಅಲ್ಲಿ ಎಲ್ಲಾ ಇದ್ರೆ ನಿಮ್ಮ ಗಂಟು ಕ್ಷೇಮವಾಗಿದೆ, ಆ್ಯಪಲ್ಲಿ ಮತ್ತೆ ಲಾಗಿನ್ ಆದ್ರೆ ಸಾಕು.

ತಾನಾಗೇ ರಿಫ್ರೆಶ್ ಆಗ್ತಿಲ್ಲ, ನಾನು ಎಳೆದಾಗ ಮಾತ್ರ ಬರತ್ತೆ

ನಾನು ಬಿದ್ದ ಗುಂಡಿ ಇದೇ. ಬೆರಳಲ್ಲಿ ಕೆಳಗೆ ಎಳೆದಾಗ ಹೊಸ ಲೇಖನ ಬರ್ತಿದೆ ಅಂದ್ರೆ ಫೀಡು ಸರಿ ಇದೆ, ನೆಟ್ಟೂ ಸರಿ ಇದೆ, ಆ್ಯಪನ್ನ ಹಿನ್ನೆಲೆಯಲ್ಲಿ ಕೆಲಸ ಮಾಡೋಕೆ ಫೋನು ಬಿಡ್ತಿಲ್ಲ ಅಷ್ಟೇ.

ಮೊದಲು ಆ್ಯಪೊಳಗೇ ನೋಡಿ, ಅಪ್ಡೇಟಲ್ಲಿ "ವೈಫೈ ಇದ್ರೆ ಮಾತ್ರ" ಅಥವಾ "ಚಾರ್ಜಲ್ಲಿದ್ರೆ ಮಾತ್ರ" ಅನ್ನೋದು ಆನ್ ಆಗಿರಬಹುದು. ಆಮೇಲೆ ಫೋನಿನ ಡೇಟಾ ಸೇವರ್. ಅದೂ ಆಫ್ ಇದ್ರೆ ಸೆಟ್ಟಿಂಗ್ಸ್, ಆ್ಯಪ್ಸ್, ನಿಮ್ಮ ರೀಡರ್, ಬ್ಯಾಟರಿ, ಅಲ್ಲಿ ರಿಸ್ಟ್ರಿಕ್ಟೆಡ್ ಅಂತ ಇದ್ರೆ ತೆಗೀರಿ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನೋ ವ್ಯವಸ್ಥೆ ಇದೆ, ಸ್ಕ್ರೀನ್ ಆಫ್ ಆಗಿ ಫೋನ್ ಅಲ್ಲಾಡದೇ ಬಿದ್ದಿದ್ರೆ ಆ್ಯಪ್‌ಗಳಿಗೆಲ್ಲ ನೆಟ್ ಬಂದ್ ಮಾಡಿ ಆಗಾಗ ಮಾತ್ರ ಕಿಂಡಿ ತೆಗೆಯತ್ತೆ. ಆಂಡ್ರಾಯ್ಡ್ 9ರಲ್ಲಿ ಇನ್ನೊಂದು ಸೇರ್ತು, ನೀವು ಅಪರೂಪಕ್ಕೆ ಮುಟ್ಟೋ ಆ್ಯಪ್‌ಗೆ ಸರದಿನೂ ಅಪರೂಪಕ್ಕೇ ಸಿಗತ್ತೆ. ಕೆಲವು ಕಂಪನಿ ಫೋನುಗಳಲ್ಲಿ ಇದ್ರ ಮೇಲೆ ಆಟೋಸ್ಟಾರ್ಟ್ ಅಂತ ಬೇರೆ ಒಂದು ಸ್ವಿಚ್ ಇರತ್ತೆ, ಅದನ್ನ ಹುಡುಕಿ ಆನ್ ಮಾಡ್ಲೇಬೇಕು, ಆ್ಯಪ್ ತೆಗೆದು ಮತ್ತೆ ಹಾಕಿದ್ರೆ ಆ ಸ್ವಿಚ್ ವಾಪಸ್ ಆಫ್ ಆಗಿರತ್ತೆ. ಐಫೋನಲ್ಲಿ ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ನೋಡಿ, ಲೋ ಪವರ್ ಮೋಡ್ ಆನ್ ಇದ್ರೆ ಅದು ನಿಂತುಹೋಗತ್ತೆ.

ಆಂಡ್ರಾಯ್ಡಲ್ಲಿ ಈ ಥರ ಹಿನ್ನೆಲೆ ಕೆಲಸಕ್ಕೆ ಸಿಸ್ಟಮ್ ಕೊಡೋ ಕನಿಷ್ಠ ಅಂತರ 15 ನಿಮಿಷ. ಹಾಗಾಗಿ 15 ನಿಮಿಷ ಅಂತ ಇಟ್ರೂ ಅದು ಹತ್ತಿರತ್ತಿರ ಲೆಕ್ಕ, ಅರ್ಧ ಗಂಟೆ ಆದ್ರೆ ಆ್ಯಪ್ ಕೆಟ್ಟಿದೆ ಅಂತಲ್ಲ.

ಅನ್‌ರಿಸ್ಟ್ರಿಕ್ಟೆಡ್ ಮಾಡಿದ್ರೆ ಬ್ಯಾಟರಿ ಖರ್ಚಾಗತ್ತೆ, ಮಾಡದಿದ್ರೆ ಲೇಖನನೇ ತಪ್ಪಿಹೋಗಬಹುದು. ಅದು ಹೇಗೆ ಅಂದ್ರೆ, ಫೀಡಲ್ಲಿ ಹಳೇದೆಲ್ಲಾ ಇರಲ್ಲ. ವರ್ಡ್‌ಪ್ರೆಸ್ ಸೈಟ್ ಆದ್ರೆ ಬೇರೇನೂ ಬದಲಾಯಿಸದಿದ್ರೆ ಕೊನೇ 10 ಪೋಸ್ಟ್ ಮಾತ್ರ, ಯೂಟ್ಯೂಬ್ ಚಾನೆಲ್ ಫೀಡಲ್ಲಿ ಕೊನೇ 15 ವಿಡಿಯೋ. ಒಂದು ವಾರ ನಿಮ್ಮ ಫೋನ್ ಹೋಗಿ ನೋಡ್ಲಿಲ್ಲ, ಆ ಸೈಟಲ್ಲಿ ಅಷ್ಟರಲ್ಲಿ 30 ಪೋಸ್ಟ್ ಬಂತು ಅಂದ್ರೆ 20 ನಿಮಗೆ ಸಿಗಲ್ಲ. ದಿನಕ್ಕೆ ಎರಡು ಸಲ ಸಾಕು ಅನ್ನೋ ಬ್ಲಾಗ್ ಓದುಗರು ಅಂತರ 12 ಗಂಟೆ ಇಟ್ಕೊಳಿ, ಬ್ಯಾಟರಿ ಗೊತ್ತೇ ಆಗಲ್ಲ. ಸುದ್ದಿ ಸೈಟ್ ಜಾಸ್ತಿ ಇರೋರು ಸಿಂಕ್ ಸರ್ವೀಸ್ ಕಡೆ ಹೋಗೋದು ಒಳ್ಳೇದು, ಅಲ್ಲಿ ಸರ್ವರ್ ಹೋಗಿ ತರತ್ತೆ, ಫೋನು ಮಲಗಿದ್ರೂ ಏನೂ ತಪ್ಪಲ್ಲ.

ಕೆಲವು ಫೀಡ್ ಮಾತ್ರ ಎರರ್ ತೋರಿಸ್ತಿವೆ

ಆ ಫೀಡ್ ವಿಳಾಸನ ಕಾಪಿ ಮಾಡಿ ಅದೇ ಫೋನಿನ ಬ್ರೌಸರಲ್ಲಿ ಹಾಕಿ. ಅಲ್ಲೂ ಬರ್ಲಿಲ್ಲ ಅಂದ್ರೆ ಸೈಟೇ ಹೋಗಿದೆ ಅಥವಾ ವಿಳಾಸ ಬದಲಾಗಿದೆ, ಅಪ್ಡೇಟ್ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.

ಬ್ರೌಸರಲ್ಲಿ ಬರತ್ತೆ, ರೀಡರಲ್ಲಿ ಬರಲ್ಲ ಅಂದ್ರೆ ವಿಳಾಸದ ಶುರು ನೋಡಿ. ಎಚ್‌ಟಿಟಿಪಿ ಅಂತ ಮಾತ್ರ ಇದ್ಯಾ, ಕೊನೆಗೆ ಎಸ್ ಇಲ್ವಾ? ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದನ್ನ ಗುರಿಯಾಗಿಟ್ಟು ಕಟ್ಟಿದ ಆ್ಯಪ್‌ಗಳು ಎನ್‌ಕ್ರಿಪ್ಟ್ ಆಗದ ಸೈಟ್‌ಗೆ ಹೋಗೋದನ್ನ ಸಿಸ್ಟಮ್ ತಾನಾಗೇ ತಡೆಯತ್ತೆ, ಡೆವಲಪರ್ ಬೇಕಂತಲೇ ಅನುಮತಿ ಬರೆದಿದ್ರೆ ಮಾತ್ರ ಬಿಡತ್ತೆ. ಎಷ್ಟೋ ವರ್ಷ ಸುಮ್ನಿದ್ದ ಆ್ಯಪ್‌ಗೆ ದಿಢೀರಂತ ಅಪ್ಡೇಟ್ ಬಂದಾಗ ಹಳೇ ಬ್ಲಾಗ್‌ಗಳೆಲ್ಲ ಒಂದೇ ದಿನ ನಿಂತುಹೋಗೋದು ಇದೇ ಕಾರಣಕ್ಕೆ. ವಿಳಾಸಕ್ಕೆ ಎಸ್ ಸೇರಿಸಿ ನೋಡಿ, ತುಂಬಾ ಕಡೆ ಅಷ್ಟಕ್ಕೇ ಸರಿಹೋಗತ್ತೆ.

ಇನ್ನೊಂದು ಹಳೇ ಫೋನಿನ ಕಥೆ. ಅಪ್ಪ ಇವತ್ತಿಗೂ ಆಂಡ್ರಾಯ್ಡ್ 7.0 ಫೋನೇ ಬಳಸ್ತಾರೆ, ಕೈಗೆ ಒಗ್ಗಿಹೋಗಿದೆ ಅಂತಾರೆ. ಅವರ ರೀಡರಲ್ಲಿ ಅರ್ಧಕ್ಕರ್ಧ ಫೀಡ್ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ತೋರಿಸೋ ಡಿಜಿಟಲ್ ಗುರುತು) ಎರರ್, ನಾನು ಹೊಸ ವರ್ಷನ್ನೇ ಕಾರಣ ಅಂದ್ಕೊಂಡಿದ್ದೆ. ಆದ್ರೆ ಅವೇ ವಿಳಾಸಗಳು ಫೈರ್‌ಫಾಕ್ಸಲ್ಲಿ ನೆಟ್ಟಗೆ ಬರ್ತಿದ್ವು. ಫೈರ್‌ಫಾಕ್ಸ್ ತಾನು ಯಾರನ್ನ ನಂಬ್ಬೇಕು ಅನ್ನೋ ಪಟ್ಟಿ ತಾನೇ ಇಟ್ಕೊಂಡಿರತ್ತೆ, ಉಳಿದ ಆ್ಯಪ್‌ಗಳು ಹೆಚ್ಚಾಗಿ ಫೋನಿನ ಪಟ್ಟಿ ನಂಬ್ತವೆ, ಆ ಪಟ್ಟಿ ಹಳೇದು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಬಳಸೋ ಸೈಟ್‌ಗಳು ಲೆಕ್ಕವಿಲ್ಲದಷ್ಟಿವೆ, ಅದರ ಈಗಿನ ಬೇರು ಸರ್ಟಿಫಿಕೇಟ್ ಆಂಡ್ರಾಯ್ಡ್ 7.1.1ರಿಂದ ಮಾತ್ರ ಫೋನೊಳಗಿದೆ, ಅದಕ್ಕಿಂತ ಹಳೇ ಫೋನುಗಳನ್ನ ದೂಡ್ಕೊಂಡು ಬರ್ತಿದ್ದ ತಾತ್ಕಾಲಿಕ ಏರ್ಪಾಟು 2024ರಲ್ಲಿ ಮುಗೀತು. ಅಂಥ ಫೋನಿಗೆ ಸಿಂಕ್ ಸರ್ವೀಸ್ ಹಾಕಿಕೊಟ್ರೆ ಫೀಡ್ ತರೋದು ಸರ್ವರಿನ ಕೆಲಸ ಆಗತ್ತೆ, ಫೋನು ಆ ಒಂದು ಸರ್ವರ್ ಜೊತೆ ಮಾತಾಡಿದ್ರೆ ಸಾಕು. ಅಪ್ಪನಿಗೆ ಹಾಗೇ ಮಾಡಿಕೊಟ್ಟೆ. "ಸರ್ಟಿಫಿಕೇಟ್ ಪರೀಕ್ಷೆ ಬೇಡ" ಅನ್ನೋ ಸ್ವಿಚ್ ಇದೆ ಅಂತ ಅದನ್ನ ಮಾತ್ರ ಒತ್ತಬೇಡಿ, ಮಧ್ಯದಲ್ಲಿ ಯಾರು ಏನು ತುರುಕಿದ್ರೂ ಆಮೇಲೆ ಗೊತ್ತಾಗಲ್ಲ.

ಎರರ್ ನಂಬರ್ 429 ಅಂದ್ರೆ ನೀವು ಆ ಸೈಟನ್ನ ಅತಿಯಾಗಿ ಕೇಳ್ತಿದೀರಿ ಅಂತ, ರಿಫ್ರೆಶ್ ಅಂತರ ಜಾಸ್ತಿ ಮಾಡಿ. 403 ಬಂದ್ರೆ ಸೈಟಿನವ್ರು ಬಾಗಿಲು ಹಾಕಿದಾರೆ, ಹೊಸ ಆ್ಯಪ್ ತನ್ನ ಹೆಸರು ಬೇರೆ ಥರ ಹೇಳ್ಕೋತಿರಬಹುದು, ಡೆವಲಪರ್‌ಗೆ ತಿಳಿಸ್ಬೇಕಾದ್ದು ಅದು.

ಓದಿದ್ದೆಲ್ಲ ಮತ್ತೆ ಓದಿಲ್ಲ ಅಂತ ಬಂದಿದೆ, ಒಂದೇ ಲೇಖನ ಎರಡೆರಡು ಸಲ

ಪ್ರತಿ ಲೇಖನಕ್ಕೂ ಫೀಡಲ್ಲಿ ಒಂದು ಗುರುತು ಇರತ್ತೆ, ಎಷ್ಟೋ ಸೈಟ್‌ಗಳು ಲಿಂಕನ್ನೇ ಗುರುತಾಗಿ ಕೊಡ್ತವೆ. ಹೊಸ ವರ್ಷನ್ ಆ ಗುರುತನ್ನ ಲೆಕ್ಕ ಹಾಕೋ ರೀತಿ ಬದಲಾಯಿಸಿದ್ರೆ, ಇಲ್ಲಾ ಸೈಟ್ ಹೊಸ ವಿಳಾಸಕ್ಕೆ ಬದಲಾದ್ರೆ, ರೀಡರ್‌ಗೆ ಅವೆಲ್ಲಾ ಹೊಸ ಲೇಖನಗಳೇ. ಒಂದೇ ಫೀಡಲ್ಲಿ ಹಾಗಾಗಿದ್ರೆ ಸೈಟ್ ಕಾರಣ, ಎಲ್ಲದ್ರಲ್ಲೂ ಒಟ್ಟಿಗೇ ಆಗಿದ್ರೆ ಆ್ಯಪ್ ಕಾರಣ. ಎರಡೂ ಸಲ ಮದ್ದು ಒಂದೇ, ಒಂದು ವಾರಕ್ಕಿಂತ ಹಳೇದನ್ನೆಲ್ಲ ಓದಿದ್ದು ಅಂತ ಗುರುತು ಹಾಕಿ ಮುಂದೆ ಹೋಗಿ. ಮಾರನೇ ದಿನನೂ ಮತ್ತೆ ಬಂದ್ರೆ ಮಾತ್ರ ಅದು ನಿಜವಾದ ಬಗ್.

ನೋಟಿಫಿಕೇಶನ್ ಬರ್ತಿಲ್ಲ

ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೇಳ್ಬೇಕು. ಅಪ್ಡೇಟ್ ಆದ ದಿನ ಬಂದ ಪ್ರಶ್ನೆಗೆ ಅವಸರದಲ್ಲಿ ಬೇಡ ಅಂದಿರ್ತೀರಿ. ಸೆಟ್ಟಿಂಗ್ಸಲ್ಲಿ ಆನ್ ಮಾಡಿ, ಆದ್ರೆ ಎಲ್ಲಾ ಫೀಡಿಗೂ ಬೇಡ, ನಾಕೈದಕ್ಕೆ ಸಾಕು.

ಒಂದೇ ಕೈಯಲ್ಲಿ ಓದೋಕಾಗ್ತಿಲ್ಲ

ಈ ದೂರು ಕೇಳಿದ್ರೆ ಜನ "ಅಭ್ಯಾಸ ಆಗತ್ತೆ ಬಿಡಿ" ಅಂತಾರೆ, ನಾನು ಒಪ್ಪಲ್ಲ. ಬಸ್ಸಲ್ಲಿ ಒಂದು ಕೈ ಮೇಲಿನ ಕಂಬಿ ಹಿಡಿದಿರತ್ತೆ, ಇನ್ನೊಂದು ಕೈಯಲ್ಲಿ ಫೋನು, ಕೆಲಸ ಮಾಡೋದು ಹೆಬ್ಬೆರಳು ಒಂದೇ. ಆರೂವರೆ ಇಂಚಿನ ಫೋನಲ್ಲಿ ಅದು ಮೇಲಿನ ಮೂಲೆ ಮುಟ್ಟಲ್ಲ. "ಎಲ್ಲಾ ಓದಿದ್ದು" ಬಟನ್ನನ್ನ ಹೊಸ ವರ್ಷನ್ನಲ್ಲಿ ಕೆಳಗಿಂದ ಮೇಲಿನ ಬಲಮೂಲೆಯ ಮೂರು ಚುಕ್ಕಿಯೊಳಗೆ ಹಾಕಿದ್ರೆ ಒಂದು ಒತ್ತು ಇದ್ದಿದ್ದು ಎರಡಾಯ್ತು, ಜೊತೆಗೆ ಫೋನನ್ನ ಅಂಗೈಯಲ್ಲಿ ಮೇಲಕ್ಕೆ ಜಾರಿಸೋ ಸರ್ಕಸ್ ಬೇರೆ, ಬಿದ್ರೆ ಗ್ಲಾಸು ಹೋಯ್ತು.

ಹಾಗಾಗಿ ಇದನ್ನೂ ದೋಷದ ಹಾಗೇ ಅಳತೆ ಮಾಡಿ ನೋಡಿ. ನಾನು ಮಾಡೋದು ಹೀಗೆ: ಪಟ್ಟಿ ತೆಗೆದು ಒಂದು ಸ್ಕ್ರೀನಲ್ಲಿ ಎಷ್ಟು ತಲೆಬರಹ ಕಾಣತ್ತೆ ಎಣಿಸ್ತೀನಿ. ನನ್ನ ಫೋನಲ್ಲಿ ಹಳೇ ಸಾಲುಪಟ್ಟಿಯಲ್ಲಿ 9 ಕಾಣ್ತಿತ್ತು, ಹೊಸ ಕಾರ್ಡ್ ರೂಪದಲ್ಲಿ ಫೋಟೋ ಸೇರಿ ಎರಡೂವರೆ. 200 ಲೇಖನ ನೋಡಿ ಬಿಡ್ಬೇಕಾದ್ರೆ 22 ಸ್ಕ್ರೀನ್ ಇದ್ದಿದ್ದು 80 ಆಯ್ತು. ಫೋಟೋ ಚೆನ್ನಾಗಿದೆ, ಅಡುಗೆ ಬ್ಲಾಗ್ ಓದೋರಿಗೆ ಕಾರ್ಡೇ ಬೇಕು, ಸುದ್ದಿ ಸೋಸೋರಿಗೆ ಅದು ಹೊರೆ. ಡಿಸ್‌ಪ್ಲೇ ಅಥವಾ ಅಪಿಯರೆನ್ಸ್ ಒಳಗೆ ಕಾಂಪ್ಯಾಕ್ಟ್, ಲಿಸ್ಟ್, ಹೆಡ್‌ಲೈನ್ಸ್ ಓನ್ಲಿ ಅನ್ನೋ ಹೆಸರಲ್ಲಿ ಹಳೇ ರೂಪ ಅಡಗಿರತ್ತೆ ಹುಡುಕಿ, ಕೆಲವದ್ರಲ್ಲಿ ಪ್ರತಿ ಫೋಲ್ಡರ್‌ಗೂ ಬೇರೆ ಬೇರೆ ಇಡಬಹುದು. ಆದ್ರೆ ಸಾಲು ತೀರಾ ತೆಳ್ಳಗೆ ಮಾಡ್ಕೋಬೇಡಿ. ಬೆರಳು ತಪ್ಪದೇ ಮುಟ್ಟೋಕೆ ಗೂಗಲ್ ಹೇಳೋ ಅಳತೆ 48 ಡಿಪಿ, ಅಂದಾಜು 9 ಮಿಲಿಮೀಟರ್. ಅದಕ್ಕಿಂತ ಇಕ್ಕಟ್ಟಾದ್ರೆ ಮೇಲಿನ ಸಾಲು ಒತ್ತೋಕೆ ಹೋಗಿ ಕೆಳಗಿನದು ತೆರೆಯತ್ತೆ.

ಎಡಗಡೆಯಿಂದ ಎಳೆದ್ರೆ ಫೋಲ್ಡರ್ ಪಟ್ಟಿ ಬರ್ತಿತ್ತು, ಈಗ ಆ್ಯಪೇ ಮುಚ್ಚಿಹೋಗತ್ತೆ ಅಂದ್ರೆ ಅದು ಆಂಡ್ರಾಯ್ಡ್ 10ರಲ್ಲಿ ಬಂದ ಗೆಸ್ಚರ್. ಅಂಚಿಂದ ಎಳೆದ್ರೆ ಹಿಂದಕ್ಕೆ ಅಂತ ಅರ್ಥ. ಸಿಸ್ಟಮ್ ಸೆಟ್ಟಿಂಗಲ್ಲಿ ಬ್ಯಾಕ್ ಸೆನ್ಸಿಟಿವಿಟಿ ಕಡಿಮೆ ಮಾಡಿ, ಇಲ್ಲಾ ಮೂರು ಬಟನ್ನಿಗೆ ವಾಪಸ್ ಹೋಗಿ, ಕೆಳಗೆ ಸ್ವಲ್ಪ ಜಾಗ ಕಳ್ಕೋತೀರಿ ಅಷ್ಟೇ. ತಲೆಬರಹ ಗಡಿಯಾರದ ಅಡಿಗೆ ಹೋಗಿ ಕೂತಿದೆ, ಕೊನೇ ಸಾಲು ಬಟನ್ನಿನ ಕೆಳಗೆ ಮುಚ್ಚಿಹೋಗಿದೆ ಅಂದ್ರೆ ಮಾತ್ರ ಅದು ನಿಮ್ಮ ಕೈಲಿಲ್ಲ. ಆಂಡ್ರಾಯ್ಡ್ 15ರಲ್ಲಿ ಅದಕ್ಕೆಂದೇ ಕಟ್ಟಿದ ಆ್ಯಪ್‌ಗಳು ಅಂಚಿಂದ ಅಂಚಿಗೆ ಹರಡ್ಕೋತವೆ, ಡೆವಲಪರ್ ಅಂಚಿನ ಜಾಗ ಬಿಡೋದು ಮರೆತ್ರೆ ಹೀಗಾಗತ್ತೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿ.

ಒತ್ತಕ್ಷರ ಅರ್ಧ ಕತ್ತರಿಸಿ ಹೋಗ್ತಿದೆ

ಕನ್ನಡ ಫೀಡ್ ಓದೋರಿಗೆ ಮಾತ್ರ ಕಾಣೋ ತೊಂದರೆ, ಅದಕ್ಕೇ ಯಾರೂ ಬೇಗ ಸರಿ ಮಾಡಲ್ಲ. ಹೊಸ ವರ್ಷನ್ನಲ್ಲಿ ತಲೆಬರಹಕ್ಕೆ ಇಂಗ್ಲಿಷ್ ಅಳತೆಗೆ ಸಾಲಿನ ಎತ್ತರ ಬಿಗಿ ಮಾಡಿರ್ತಾರೆ. ಇಂಗ್ಲಿಷ್ ಅಕ್ಷರ ಗೆರೆ ಕೆಳಗೆ ಸ್ವಲ್ಪವೇ ಇಳಿಯತ್ತೆ, ನಮ್ಮದು ಒತ್ತು ಹಾಕ್ಕೊಂಡು ಆಳಕ್ಕೆ ಇಳಿಯತ್ತೆ. "ರಾಷ್ಟ್ರ" ಅನ್ನೋದ್ರಲ್ಲಿ ಟ ಒತ್ತು, ರ ಒತ್ತು ಎರಡೂ ಕೆಳಗಿರ್ತವೆ, ಅವು ಕತ್ತರಿಸಿ ಹೋದ್ರೆ ಉಳಿಯೋದು "ರಾಷ". ಅಪ್ಪ ಒಂದು ದಿನ ಪೂರ್ತಿ ಇದು ಫೀಡಿನ ಅಕ್ಷರದೋಷ ಅಂತಲೇ ತಿಳ್ಕೊಂಡಿದ್ರು.

ಮೊದಲು ಆ್ಯಪಲ್ಲಿ ಫಾಂಟನ್ನ ಸಿಸ್ಟಮ್ ಡೀಫಾಲ್ಟ್‌ಗೆ ಬದಲಾಯಿಸಿ, ಆಮೇಲೆ ಲೈನ್ ಸ್ಪೇಸಿಂಗ್ ಒಂದೊಂದೇ ಹಂತ ಏರಿಸಿ. ಫೋನಿನ ಅಕ್ಷರ ದೊಡ್ಡದು ಮಾಡಿದಾಗ ಮಾತ್ರ ಕತ್ತರಿಸ್ತಿದ್ರೆ ಒಂದು ಹಂತ ಇಳಿಸಿ ನೋಡಿ. ಆಂಡ್ರಾಯ್ಡ್ 14ರಲ್ಲಿ ಅಕ್ಷರ 200 ಪರ್ಸೆಂಟ್ ತನಕ ದೊಡ್ಡದಾಗತ್ತೆ, ವಯಸ್ಸಾದವ್ರಿಗೆ ದೊಡ್ಡ ಉಪಕಾರ ಅದು, ಆದ್ರೆ ಸಾಲಿನ ಎತ್ತರ ಬಿಗಿಯಾಗಿ ಕಟ್ಟಿದ ಆ್ಯಪಲ್ಲಿ ಅಕ್ಷರ ಒಂದರ ಮೇಲೊಂದು ಬೀಳತ್ತೆ. ಲೇಖನದೊಳಗೆ ಚೆನ್ನಾಗಿದ್ದು ಪಟ್ಟಿಯಲ್ಲಿ ಮಾತ್ರ ಕತ್ತರಿಸ್ತಿದ್ರೆ ನಿಮ್ಮ ಫಾಂಟ್ ಸರಿ ಇದೆ, ಆ್ಯಪಿನ ತಪ್ಪು.

ರೈಲಲ್ಲಿ ಓದೋಣ ಅಂದ್ರೆ ಲೇಖನ ಖಾಲಿ

ಮಂಗಳೂರಿಗೆ ಹಗಲು ರೈಲಲ್ಲಿ ಹೋಗೋವಾಗ ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರೋಡ್ ತನಕ ಘಾಟಿ, ಸುರಂಗದ ಮೇಲೆ ಸುರಂಗ, ನೆಟ್ ಅನ್ನೋದನ್ನ ಮರೀಬೇಕು. ತಲೆಬರಹ ಇತ್ತು, ಒತ್ತಿದ್ರೆ ಬಿಳೀ ಹಾಳೆ. ಅಪ್ಡೇಟಲ್ಲಿ "ಪೂರ್ತಿ ಲೇಖನ ಮೊದಲೇ ಡೌನ್‌ಲೋಡ್" ಅನ್ನೋದನ್ನ ಡೇಟಾ ಉಳಿಸೋಕೆ ಅಂತ ಆಫ್ ಮಾಡಿದ್ರು. ಎಷ್ಟೋ ಸೈಟ್‌ಗಳು ಫೀಡಲ್ಲಿ ಎರಡು ಸಾಲಿನ ಸಾರಾಂಶ ಮಾತ್ರ ಕೊಡ್ತವೆ, ಉಳಿದದ್ದನ್ನ ರೀಡರ್ ಹೋಗಿ ತರ್ಬೇಕು. ಎಲ್ಲದಕ್ಕೂ ಆನ್ ಮಾಡಿದ್ರೆ ಡೇಟಾ, ಸ್ಟೋರೇಜ್ ಎರಡೂ ತಿನ್ನತ್ತೆ. ನಾನು ಉದ್ದ ಲೇಖನದ ಒಂದು ಫೋಲ್ಡರ್‌ಗೆ ಮಾತ್ರ ಆನ್, ವೈಫೈಯಲ್ಲಿ ಮಾತ್ರ, ಚಿತ್ರ ಬೇಡ ಅಂತ ಇಟ್ಟಿದೀನಿ. ಹೊರಡೋ ಹಿಂದಿನ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಎರಡು ಲೇಖನ ತೆಗೆದು ನೋಡ್ತೀನಿ, ಮನೇಲೇ ಗೊತ್ತಾಗಿಬಿಡತ್ತೆ.

ಲೇಖನ ತೆಗೆದ ತಕ್ಷಣ ಮುಚ್ಚಿಹೋಗತ್ತೆ

ಪಟ್ಟಿ ಸರಿ ಇದ್ದು ಲೇಖನ ತೆಗೆದಾಗ ಮಾತ್ರ ಕ್ರ್ಯಾಶ್ ಆಗ್ತಿದ್ರೆ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ನೋಡಿ, ಲೇಖನದ ಪುಟ ಬಿಡಿಸೋದು ಹೆಚ್ಚಾಗಿ ಅದೇ. 2021ರ ಮಾರ್ಚಲ್ಲಿ ಅದರ ಒಂದು ಅಪ್ಡೇಟ್‌ನಿಂದ ಜಿಮೇಲ್ ಸೇರಿ ಸಾಕಷ್ಟು ಆ್ಯಪ್‌ಗಳು ಪ್ರಪಂಚದಾದ್ಯಂತ ಒಟ್ಟಿಗೇ ಮುಚ್ಚಿಹೋಗ್ತಿದ್ವು. ಪ್ಲೇ ಸ್ಟೋರಲ್ಲಿ ವೆಬ್‌ವ್ಯೂ, ಕ್ರೋಮ್ ಎರಡನ್ನೂ ಅಪ್ಡೇಟ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ. ಆಮೇಲೆ ಕ್ಲಿಯರ್ ಕ್ಯಾಶ್. ಅದ್ರ ಪಕ್ಕದಲ್ಲೇ ಕ್ಲಿಯರ್ ಡೇಟಾ ಇರತ್ತೆ, ಕೆಲವು ಫೋನಲ್ಲಿ ಕ್ಲಿಯರ್ ಸ್ಟೋರೇಜ್ ಅಂತಿರತ್ತೆ, ದಯವಿಟ್ಟು ಎರಡು ಸಲ ಓದಿ ಒತ್ತಿ. ಕ್ಯಾಶ್ ಹೋದ್ರೆ ಏನೂ ಹೋಗಲ್ಲ, ಡೇಟಾ ಹೋದ್ರೆ ಎಲ್ಲಾ ಹೋಯ್ತು.

ಹಳೇ ವರ್ಷನ್ನೇ ಬೇಕು ಅನ್ನೋರಿಗೆ

ಇದು ಕೊನೇ ದಾರಿ. ಆಂಡ್ರಾಯ್ಡಲ್ಲಿ ಹೊಸದ್ರ ಮೇಲೆ ಹಳೇದನ್ನ ಹಾಕೋಕೆ ಬಿಡಲ್ಲ, ಮೊದಲು ತೆಗೀಬೇಕು, ತೆಗೆದ್ರೆ ಡೇಟಾ ಹೋಗತ್ತೆ. ಎಫ್‌ಡ್ರಾಯ್ಡ್ ಅನ್ನೋ ಇನ್ನೊಂದು ಆ್ಯಪ್ ಅಂಗಡಿಯಿಂದ ಹಾಕಿದ್ದು, ಪ್ಲೇ ಸ್ಟೋರಿಂದ ಹಾಕಿದ್ದು ಹೆಸರು ಒಂದೇ ಆದ್ರೂ ಒಳಗಿನ ಡಿಜಿಟಲ್ ಸಹಿ ಸಾಮಾನ್ಯವಾಗಿ ಬೇರೆ ಇರತ್ತೆ, ಒಂದರ ಮೇಲೊಂದು ಕೂರಲ್ಲ. ಎಫ್‌ಡ್ರಾಯ್ಡ್ ಪುಟದಲ್ಲಿ ಅಥವಾ ಡೆವಲಪರ್ ತಮ್ಮದೇ ಪುಟದಲ್ಲಿ ಹಳೇ ವರ್ಷನ್ ಇಟ್ಟಿದ್ರೆ ಅಲ್ಲಿಂದ ಮಾತ್ರ ತಗೊಳಿ. ಟೆಲಿಗ್ರಾಮಲ್ಲಿ ಯಾರೋ ಕಳಿಸಿದ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲ್) ಬೇಡ, ಕೆಟ್ಟ ಆ್ಯಪ್ ಹಿಡಿಯೋ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಯಾರು ಹೇಳಿದ್ರೂ ಅಲ್ಲಿಗೇ ನಿಲ್ಲಿಸಿ. ಹಳೇದು ಹಾಕಿದ್ರೆ ಆಟೋ ಅಪ್ಡೇಟ್ ಆ ಒಂದು ಆ್ಯಪ್‌ಗೆ ಮಾತ್ರ ಆಫ್ ಮಾಡಿ, ಆದ್ರೆ ಭದ್ರತೆಯ ರಿಪೇರಿಗಳೂ ಬರಲ್ಲ, ಹಾಗಾಗಿ ಎರಡು ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ಇಟ್ಕೋಬೇಡಿ.

ಯಾವಾಗ ನಿಲ್ಲಿಸಿ ಡೆವಲಪರ್‌ಗೆ ಬರೀಬೇಕು

ಆ್ಯಪ್ ಓಪನ್ನೇ ಆಗ್ತಿಲ್ಲ, ಓಪಿಎಂಎಲ್ ತೆಗೆದಿಲ್ಲ, ಸಿಂಕ್ ಅಕೌಂಟೂ ಇಲ್ಲ ಅಂದ್ರೆ ಅಲ್ಲಿಗೇ ಕೈ ಬಿಡಿ. ಡೇಟಾ ಫೋನೊಳಗೆ ಇನ್ನೂ ಇದೆ, ಮುಂದಿನ ಅಪ್ಡೇಟಲ್ಲಿ ತೆರ್ಕೊಳ್ಳೋ ಸಾಧ್ಯತೆ ಇದೆ, ನೀವು ತೆಗೆದ್ರೆ ಅದೂ ಇಲ್ಲ. ಬರೆಯೋವಾಗ ಆ್ಯಪ್ ವರ್ಷನ್ ನಂಬರ್, ಹಿಂದೆ ಯಾವುದರಿಂದ ಬಂದ್ರಿ, ಆಂಡ್ರಾಯ್ಡ್ ವರ್ಷನ್, ಫೋನ್ ಮಾಡೆಲ್, ತೊಂದರೆ ಕೊಡೋ ಒಂದು ಫೀಡ್ ವಿಳಾಸ, ಏನು ಒತ್ತಿದ್ರೆ ಏನಾಗತ್ತೆ ಇಷ್ಟು ಹಾಕಿ. ಲಾಗ್ (ಆ್ಯಪ್ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟ ಫೈಲ್) ಕೇಳಿದ್ರೆ ಕಳಿಸೋಕ್ ಮುಂಚೆ ಒಳಗಿನ ಪಾಸ್‌ವರ್ಡ್, ಖಾಸಗಿ ಫೀಡ್ ವಿಳಾಸ ಅಳಿಸಿ. ಒತ್ತಕ್ಷರದ ದೂರು ಆದ್ರೆ ಕನ್ನಡ ಬರದೇ ಇರೋರಿಗೆ ಏನು ತಪ್ಪಿದೆ ಅಂತ ಗೊತ್ತಾಗಲ್ಲ, ಅದಕ್ಕೆ ಎರಡು ಸ್ಕ್ರೀನ್‌ಶಾಟ್ ಕಳಿಸಿ, ಅದೇ ತಲೆಬರಹ ಬ್ರೌಸರಲ್ಲಿ ಸರಿಯಾಗಿ ಕಾಣೋದು ಒಂದು, ಆ್ಯಪಲ್ಲಿ ಕತ್ತರಿಸಿರೋದು ಒಂದು. ನಾನು "ರಾಷ್ಟ್ರ" ಅನ್ನೋ ಪದಕ್ಕೆ ಕೆಂಪು ಸುತ್ತು ಹಾಕಿ ಕಳಿಸಿದ್ದೆ, ಮುಂದಿನ ವರ್ಷನ್ನಲ್ಲಿ ಸಾಲಿನ ಎತ್ತರ ಸರಿಹೋಗಿ ಬಂತು.